ಪವರ್‌ಲೂಮ್ ಪಕ್ಕದಾಗ ಪಾಡ್‌ಕಾಸ್ಟ್: ಕಂಡೆನ್ಸರ್ ಬಿಟ್ಟು ಡೈನಾಮಿಕ್ ಮೈಕ್ ತಗೋಬೇಕೇನ್ರಿ?

ಪ್ರಶ್ನೆ (ಬನಹಟ್ಟಿ):
ಮನಿ ಗ್ವಾಡಿಗೆ ಅಂಟಿಕೊಂಡ ಮಗ್ಗ ಅದಾವ. ಯುಎಸ್‌ಬಿ ಕಂಡೆನ್ಸರ್ ಮೈಕ್ (ಸಣ್ಣ ಸಪ್ಪಳಾನೂ ಹಿಡಿಯೂದು) ಟೇಬಲ್ ನಡುವ ಇಟ್ಟು, ಆ ಕಡೆ ಒಬ್ರು ಈ ಕಡೆ ಒಬ್ರು ಕುಂತು ಮಾತಾಡ್ತೀವಿ. ಬಾಯಿಂದ ಮೈಕಿಗೆ ಎರಡು ಅಡಿ. ಕೇಳಿದ್ರ ಮಗ್ಗದ ಸಪ್ಪಳಾನ ಮುಂದ, ಮಾತು ಹಿಂದ. ನಾಯ್ಸ್ ರಿಡಕ್ಷನ್ ಹಾಕಿದ್ರ ದನಿ ಕೊಡದಾಗಿಂದ ಬಂದಂಗ ಆಗ್ತೈತಿ. ಡೈನಾಮಿಕ್ ತಗೊಂಡ್ರ ಸಪ್ಪಳ ಹೋಗ್ತೈತೇನ್ರಿ?

ಉತ್ತರ (ಬೆಳಗಾವಿ):
ರೊಕ್ಕ ಹಾಕೂ ಮೊದಲ ಇದ್ದ ಮೈಕಿನಾಗ ಒಂದು ಪರೀಕ್ಷಾ ಮಾಡ್ರಿ. ಪ್ಯಾಟರ್ನ್ (ಮೈಕ್ ಯಾವ ಕಡೆ ದನಿ ಹಿಡೀಬೇಕು ಅನ್ನೂದು) ಬದಲಿಸೂ ಗುಂಡಿ ಇದ್ರ ಕಾರ್ಡಿಯಾಯ್ಡ್‌ಗೆ ಇಡ್ರಿ. ಇಬ್ರು ಎದುರಾಬದುರಾ ಕುಂತೀರಿ ಅಂದ್ರ ಅದು ಬಹುಶಃ ಓಮ್ನಿ (ಎಲ್ಲಾ ಕಡೆ ಹಿಡಿಯೂದು) ಇಲ್ಲಾ ಬೈಡೈರೆಕ್ಷನಲ್‌ನಾಗ (ಹಿಂದ-ಮುಂದ ಎರಡೂ ಕಡೆ ಹಿಡಿಯೂದು) ಇರ್ತೈತಿ. ಕಾರ್ಡಿಯಾಯ್ಡ್ ಹಿಂದಿನಿಂದ ಬರೂದನ್ನ ಭಾಳ ಕಡಿಮಿ ಹಿಡೀತೈತಿ, ಅದಕ್ಕ ಮೈಕಿನ ಬೆನ್ನು ಮಗ್ಗದ ಗ್ವಾಡಿ ಕಡೆ ಇರ್ಲಿ. ನಿಂತ ಕಂಡೆನ್ಸರಿಗೆ ಮಾತು ನೆತ್ತಿಗಲ್ಲ, ಮುಂದಿನ ಮಗ್ಗಲಿಗೆ ಕೊಡಬೇಕು.

ಆಮ್ಯಾಲೆ ಒಬ್ರ ನಾಕು ಬಟ್ಟಿನಷ್ಟು ಹತ್ತಿರ ಬಂದು ಮಾತಾಡ್ರಿ. ದೂರ ಅರ್ಧ ಆದಂಗೆಲ್ಲಾ ಮಾತು ಸುಮಾರು 6 ಡೆಸಿಬೆಲ್ ಏರ್ತೈತಿ: 60 ಸೆಂಟಿಮೀಟರಿಂದ 30, 15, 7.5. ಅಂದ್ರ ಒಟ್ಟು 18. ಗೇನ್ (ಮೈಕಿನ ದನಿ ಹಿಗ್ಗಿಸೂ ಮಟ್ಟ) ಅಷ್ಟ ಇಳಿಸಿದ್ರ ಮಗ್ಗದ ಸಪ್ಪಳಾನೂ 18 ಇಳೀತು. ಡೈನಾಮಿಕ್ ಮೈಕಿನ ಗುಟ್ಟು ಬಹುತೇಕ ಇಷ್ಟ. ಅದಕ್ಕ ಸಂವೇದನೆ ಕಡಿಮಿ, ಹತ್ತಿರ ಬರದ ಗತಿ ಇಲ್ಲ. ಎರಡು ಅಡಿ ದೂರ ಇಟ್ಟು ಗೇನ್ ಏರಿಸಿದ್ರ ಅದೂ ಮಗ್ಗಾನ ಹಿಡೀತೈತಿ.

ಪ್ರಶ್ನೆ ಕೇಳಿದವರು:
ಮಾಡಿ ನೋಡಿದ್ವಿ, ಭಾಳ ಫರಕ್ ಆತ್ರಿ. ಆದ್ರ ‘ಪ’, ‘ಭ’ ಅಂದಾಗ ಧಪ್ ಅಂತೈತಿ. ಕೆಳಗ ಗುಡುಗುಡು ಇನ್ನೂ ಐತಿ.

ಉತ್ತರ (ವಿಜಯಪುರ):
ಧಪ್ ಅನ್ನೂದು ಬಾಯಿ ಗಾಳಿ. ಮೈಕ್ ಬಾಯಿ ಮೂಲಿಗೆ ಸರಿಸ್ರಿ, ಗಾಳಿ ಮುಂದ ಹಾದು ಹೋಗ್ತೈತಿ. ಪಾಪ್ ಫಿಲ್ಟರ್ (ಮೈಕಿನ ಮುಂದ ಗಾಳಿ ತಡಿಯೂ ಜಾಳಿಗಿ) ಇದ್ರ ಇನ್ನೂ ಚಲೋ. ಗುಡುಗುಡು ನೆಲ, ಟೇಬಲ್ ಹಿಡಿದು ಬರೂ ನಡುಕ ಇರಬೇಕು. ಕೌದಿ ನಾಕು ಮಡಿಕಿ ಮಾಡಿ ಸ್ಟ್ಯಾಂಡಿನ ಕೆಳಗ ಹಾಕ್ರಿ. ಕಡಿಮಿ ಆದ್ರ ಅದ ಕಾರಣ. ಉಳಿದಿದ್ದಕ್ಕ 80 ಹರ್ಟ್ಸ್ ಹೈಪಾಸ್ ಫಿಲ್ಟರ್ (ಅದಕ್ಕಿಂತ ಕೆಳಗಿನ ಸಪ್ಪಳ ಇಳಿಸೂದು) ಸಾಕು. ಮಾತಾಡೂರ ಬೆನ್ನ ಹಿಂದ ಒಂದು ಕೌದಿ ತೂಗಹಾಕಿದ್ರ ಖೋಲಿಯ ಮಾರ್ದನಿ ಇಳೀತೈತಿ, ಮಗ್ಗ ಮಾತ್ರ ನಿಲ್ಲಂಗಿಲ್ಲ.

ಉತ್ತರ (ಬೆಳಗಾವಿ):
ಇಬ್ರು ಇದ್ದೀರಿ ಅಂದ್ರ ಇಬ್ರಿಗೂ ಬ್ಯಾರೆ ಮೈಕ್ ಬೇಕ ಬೇಕು, ಇಲ್ಲಿ ಡೈನಾಮಿಕ್ಕ ತಗೋರಿ. ಎರಡು ಯುಎಸ್‌ಬಿ ಮೈಕ್ ಒಂದ ಲ್ಯಾಪ್‌ಟಾಪಿಗೆ ಹಚ್ಚೂ ಉಸಾಬರಿ ಬ್ಯಾಡ: ರೆಕಾರ್ಡಿಂಗ್ ಸಾಫ್ಟ್‌ವೇರ್ ಆಡಾಸಿಟಿ ಒಂದು ಸಲಕ್ಕ ಒಂದ ಸಾಧನದಿಂದ ರೆಕಾರ್ಡ್ ಮಾಡ್ತೈತಿ, ಬ್ಯಾರೆ ಬ್ಯಾರೆ ಮಾಡಿದ್ರ ಹೊತ್ತು ಹೋದಂಗ ತಾಳ ತಪ್ತೈತಿ. ಎರಡು ಎಕ್ಸ್‌ಎಲ್‌ಆರ್ (ಮೂರು ಪಿನ್ನಿನ) ಮೈಕ್, ಎರಡು ಎಕ್ಸ್‌ಎಲ್‌ಆರ್ ಕೇಬಲ್, ಎರಡು ಮೈಕ್ ಇನ್‌ಪುಟ್ ಇರೂ ಇಂಟರ್‌ಫೇಸ್ (ಮೈಕ್ ಲ್ಯಾಪ್‌ಟಾಪಿಗೆ ಜೋಡಿಸೂ ಡಬ್ಬಿ) ಬೇಕು. ಸ್ಕಾರ್ಲೆಟ್ ಸೋಲೋ ಅನ್ನೂ ಇಂಟರ್‌ಫೇಸಿಗೆ ಮೈಕ್ ಇನ್‌ಪುಟ್ ಒಂದ, ಅದಕ್ಕ ಸ್ಕಾರ್ಲೆಟ್ 2ಐ2 ನೋಡ್ರಿ. ಸದ್ಯ ಒಬ್ರಿಗಷ್ಟ ಆದ್ರ ಸ್ಯಾಮ್ಸನ್ ಕ್ಯೂ2ಯು ಡೈನಾಮಿಕ್ ಮೈಕ್ ಅಡ್ಡಿಯಿಲ್ಲ, ಯುಎಸ್‌ಬಿ, ಎಕ್ಸ್‌ಎಲ್‌ಆರ್ ಎರಡೂ ಐತಿ. ಎಕ್ಸ್‌ಎಲ್‌ಆರ್ ಡೈನಾಮಿಕ್ ಮೈಕಿನಾಗ ಶೂರ್ ಎಸ್‌ಎಂ58 ಗಟ್ಟಿ ಮಾಲು, ಆದ್ರ ನಕಲಿ ಭಾಳ. ಅಧಿಕೃತ ಡೀಲರ್ ಹತ್ರಾನ ತಗೋರಿ.

ರೆಕಾರ್ಡಿಂಗ್ ಲೆವೆಲ್ ಜೋರ ಮಾತಿಗೆ -12ರಿಂದ -6 ಡೆಸಿಬೆಲ್ ನಡುವ ನಿಲ್ಲಲಿ. ಡೈನಾಮಿಕ್ಕಿಗೆ ಇಂಟರ್‌ಫೇಸಿನ 48 ವೋಲ್ಟಿನ ಗುಂಡಿ ಒತ್ತೂದು ಬ್ಯಾಡ, ಅದು ಕಂಡೆನ್ಸರಿಗೆ. ಹೊಸಾ ಸೆಟ್ಟಿನಾಗ ‘ಗುಂಯ್’ ಬಂದ್ರ ಮೊದಲ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ನೋಡ್ರಿ, ಆಮ್ಯಾಲೆ ಕೇಬಲ್ ಬದಲಿಸ್ರಿ.