ಬ್ರಷ್ ಸ್ಕ್ರಿಪ್ಟ್ ಫಾಂಟ್: ವಿನೈಲ್ ಕಟಿಂಗ್‌ನಲ್ಲಿ ಅಕ್ಷರ ತುಂಡಾಗುತ್ತಿದೆ

ಪ್ರಶ್ನೆ: ಬೇಕರಿ ಬೋರ್ಡಿಗೆ ಇಂಗ್ಲಿಷ್ ಹೆಸರನ್ನು ಪೆಸಿಫಿಕೊ ಎಂಬ ಬ್ರಷ್ ಸ್ಕ್ರಿಪ್ಟ್ (ಕುಂಚದಲ್ಲಿ ಕೂಡಿಸಿ ಬರೆದಂತಿರುವ) ಫಾಂಟ್‌ನಲ್ಲಿ ಹಾಕಿದ್ದೇನೆ. ಅಕ್ಷರ ಸೇರುವ ಕಡೆಯೆಲ್ಲ ವಿನೈಲ್ (ಸ್ಟಿಕರ್ ಹಾಳೆ) ಕತ್ತರಿಸುವ ಯಂತ್ರದ ಬ್ಲೇಡ್ ಅಡ್ಡ ಕೊಯ್ಯುತ್ತಿದೆ. ಕನ್ನಡ ಟೈಪ್ ಮಾಡಿದರೆ ಬೇರೆಯೇ ಫಾಂಟ್ ಬರುತ್ತದೆ. ಏನು ಮಾಡಲಿ?

ಉತ್ತರ 1: ಸರ್, ಒಂದಕ್ಷರದ ಬಾಲ ಮುಂದಿನದರ ಮೇಲೆ ಕೂತಿರುತ್ತದೆ, ಕಟ್ಟರ್ ಎರಡರ ಅಂಚನ್ನೂ ಕೊಯ್ಯುತ್ತದೆ. ಕೋರೆಲ್‌ಡ್ರಾ ಎಂಬ ಡಿಸೈನ್ ಸಾಫ್ಟ್‌ವೇರ್‌ನಲ್ಲಿ ಕಂಟ್ರೋಲ್-ಕೆ ಒತ್ತಿ ಅಕ್ಷರ ಬಿಡಿಸಿ, ಎಲ್ಲ ಸೆಲೆಕ್ಟ್ ಮಾಡಿ ವೆಲ್ಡ್ ಕೊಡಿ, ಎಲ್ಲ ಸೇರಿ ಒಂದೇ ಆಕಾರವಾಗುತ್ತದೆ. ಆಮೇಲೆ ಸ್ಪೆಲಿಂಗ್ ತಿದ್ದಲಾಗದು, ಮೂಲ ಫೈಲ್ ಬೇರೆ ಇಟ್ಟುಕೊಳ್ಳಿ.

ಉತ್ತರ 2: ಪೆಸಿಫಿಕೊದಲ್ಲಿ ಕನ್ನಡ ಅಕ್ಷರಗಳೇ ಇಲ್ಲ. ಕನ್ನಡಕ್ಕೆ ಬಾಲೂ ತಮ್ಮ 2 ಎಂಬ ಫಾಂಟ್ ಹಾಕಿ, ದಪ್ಪಕ್ಕೂ ದುಂಡಿಗೂ ಚೆನ್ನಾಗಿ ಹೊಂದುತ್ತದೆ. ‘ಲಕ್ಷ್ಮಿ’ಯಂಥ ಪದದಲ್ಲಿ ಒತ್ತು ಕೆಳಗಿಳಿಯುತ್ತದೆ, ಸಾಲಿನ ಅಂತರ 1.5 ಇಡಿ.

ಉತ್ತರ 3: ಪೆಸಿಫಿಕೊದಲ್ಲಿ ಲೆಟರ್ ಸ್ಪೇಸಿಂಗ್ (ಅಕ್ಷರಗಳ ನಡುವಿನ ಅಂತರ) 0 ಇರಲಿ, ಹೆಚ್ಚಿಸಿದರೆ ಕೊಂಡಿ ಬಿಟ್ಟುಹೋಗುತ್ತದೆ. ಪೂರ್ತಿ ಕ್ಯಾಪಿಟಲ್ ಬೇಡವೇ ಬೇಡ, ಓದಲಾಗದು. ಫೋನ್ ನಂಬರಿಗೆ ಸಾದಾ ಫಾಂಟೇ ಸರಿ.