ಸಹಾಯ ಬೇಕು: ಸಿಲೋಸ್ಟಜಾಲ್ ಡೋಸ್ ಇಳಿಸಬೇಕೋ, ಗ್ಯಾಸ್ ಮಾತ್ರೆ ಬದಲಿಸಬೇಕೋ?

ಅಪ್ಪನಿಗೆ ಕಾಲಿನ ರಕ್ತನಾಳ ಕಿರಿದಾಗಿದೆ. ನಡೆದರೆ ಮೀನಖಂಡ ಹಿಡ್ಕೊಳ್ಳುತ್ತೆ, ನಿಂತರೆ ಬಿಡುತ್ತೆ. ಕಾಲಿಗೆ ರಕ್ತ ಚೆನ್ನಾಗಿ ಹರೀಲಿ ಅಂತ ಸಿಲೋಸ್ಟಜಾಲ್ 100 ಮಿ.ಗ್ರಾಂ. ದಿನಕ್ಕೆ ಎರಡು ಸಲ, ರಕ್ತ ಹೆಪ್ಪುಗಟ್ಟದೇ ಇರಲಿ ಅಂತ ಕ್ಲೋಪಿಡೋಗ್ರೆಲ್ 75, ಹೊಟ್ಟೆ ಉರಿಗೆ ಒಮೆಪ್ರಜೋಲ್ 20 ನಡೀತಿದೆ. ಎಕೋ ಮಾಡಿಸಿ ಹಾರ್ಟ್ ಫೇಲ್ಯೂರ್ ಇಲ್ಲ ಅಂತ ನೋಡಿಕೊಂಡೇ ಶುರು ಮಾಡಿದ್ದು. ಅದಿದ್ದರೆ ಸಿಲೋಸ್ಟಜಾಲ್ ಕೊಡೋ ಹಾಗೇ ಇಲ್ಲ.

ಈಗಿನ ತೊಂದರೆ ತಲೆನೋವು, ಎದೆ ಡವಗುಟ್ಟೋದು. ಎದೆನೋವು, ತಲೆಸುತ್ತು ಇಲ್ಲ. ಮೊದಲು ಊಟದ ಜೊತೆಗೇ ನುಂಗ್ತಿದ್ದರು. ಜಿಡ್ಡಿನ ಊಟದ ಜೊತೆ ಈ ಔಷಧಿ ರಕ್ತಕ್ಕೆ ಜಾಸ್ತಿ ಸೇರುತ್ತೆ, ಅದಕ್ಕೇ ಊಟಕ್ಕೆ ಅರ್ಧ ಗಂಟೆ ಮುಂಚೆ ಇಲ್ಲಾ ಎರಡು ಗಂಟೆ ಬಿಟ್ಟು ಅಂತ ಬದಲಿಸಿದ್ವಿ. ತಲೆನೋವು ತಗ್ಗಿತು, ಡವಡವ ಹಾಗೇ ಇದೆ.

ಗೊಂದಲ ಒಮೆಪ್ರಜೋಲ್‌ದು. ಅದು ಲಿವರ್‌ನಲ್ಲಿ ಸಿವೈಪಿ2ಸಿ19 ಅನ್ನೋ ಕಿಣ್ವವನ್ನು ತಡೆಯುತ್ತೆ. ಇದರಿಂದ ಸಿಲೋಸ್ಟಜಾಲ್ ಪ್ರಭಾವ ಏರುತ್ತೆ, ಆಗ 50 ಮಿ.ಗ್ರಾಂ. ಎರಡು ಸಲ ಸಾಕು ಅಂತ ಔಷಧಿಯ ಚೀಟಿಯಲ್ಲೇ ಇದೆ. ಆದರೆ ಕ್ಲೋಪಿಡೋಗ್ರೆಲ್ ಕೆಲಸ ಮಾಡೋಕೂ ಅದೇ ಕಿಣ್ವ ಬೇಕು! ಹಾಗಾಗಿ ಬರೀ ಡೋಸ್ ಇಳಿಸಿದರೆ ಅರ್ಧ ಸಮಸ್ಯೆ ಉಳಿದೇ ಉಳಿಯುತ್ತೆ. ಪ್ಯಾಂಟೊಪ್ರಜೋಲ್ ಅನ್ನೋ ಇನ್ನೊಂದು ಗ್ಯಾಸ್ ಮಾತ್ರೆ ಈ ಕಿಣ್ವವನ್ನು ಅಷ್ಟಾಗಿ ತಡೆಯಲ್ಲ, ನನಗೆ ಅದೇ ಸರಿ ಅನ್ಸುತ್ತೆ.

ಡಾಕ್ಟರನ್ನು ಕೇಳದೆ ಏನೂ ಬದಲಿಸಲ್ಲ. ಫಾರ್ಮಸಿಸ್ಟ್, ಡಾಕ್ಟರ್ ಯಾರಾದರೂ ಇದ್ದರೆ ಹೇಳಿ: ಪ್ಯಾಂಟೊಪ್ರಜೋಲ್‌ಗೆ ಹೋದರೆ ಸಿಲೋಸ್ಟಜಾಲ್ 100 ಹಾಗೇ ಇರಬಹುದಾ, ಅಥವಾ ಎದೆ ಡವಗುಟ್ಟೋದು ನಿಲ್ಲೋವರೆಗೆ 50ಕ್ಕೆ ಇಳಿಸಿ ಅಂತ ಕೇಳಬೇಕಾ?