ರೂಮ್‌ಮೇಟ್ ಮಾತ್ರೆ ತಗೊಂಡು ಓದ್ತಿದ್ದೆ, ಈಗ ಅದಿಲ್ದೆ ಏಳೋಕೇ ಆಗ್ತಿಲ್ಲ, ಯಾರಿಗಾದ್ರೂ ಹೀಗಾಗಿದ್ಯಾ?

ಮೆಡಿಕಲ್ ಎರಡನೇ ವರ್ಷ. ರೂಮ್‌ಮೇಟ್‌ಗೆ ಎಡಿಎಚ್‌ಡಿ (ಗಮನ ಒಂದ್ಕಡೆ ನಿಲ್ಲದ ತೊಂದರೆ) ಇದೆ, ಅವನಿಗೆ ಬರೆದುಕೊಟ್ಟಿರೋ ಮಿಥೈಲ್‌ಫೆನಿಡೇಟ್‌ನಲ್ಲಿ ಇಂಟರ್ನಲ್ಸ್ ಟೈಮಲ್ಲಿ ಒಂದು ಇಸ್ಕೊಂಡೆ. ಈಗ ವಾರಕ್ಕೆ ನಾಲ್ಕೈದು ದಿನ ಬೇಕು. ತಗೊಳ್ಳದ ದಿನ ಹಾಸಿಗೆ ಬಿಡಲ್ಲ, ಸುಮ್‌ಸುಮ್ನೆ ಅಳು ಬರುತ್ತೆ. ಮಾತ್ರೆಯಿಂದ ಹೀಗಾಯ್ತಾ, ಮೊದ್ಲೇ ಇತ್ತಾ? ಯಾರಿಗಾದ್ರೂ ಹೇಳಿದ್ರೆ ಕಾಲೇಜಿಗೆ ಗೊತ್ತಾಗುತ್ತಾ ಅಂತ ಭಯ.

ಇಂಟರ್ನ್ ಒಬ್ರು: ನಂದು ಮೊಡಾಫಿನಿಲ್, ನಿದ್ದೆ ಬರದ ಹಾಗೆ ಎಚ್ಚರ ಇಡೋ ಮಾತ್ರೆ. ಹಾಫ್ ಲೈಫ್, ಅಂದ್ರೆ ಮೈಯಲ್ಲಿರೋ ಔಷಧಿ ಅರ್ಧಕ್ಕೆ ಇಳಿಯೋ ಸಮಯ, 12ರಿಂದ 15 ಗಂಟೆ ಅಂತ ಫಾರ್ಮಕಾಲಜಿ ವೈವಾದಲ್ಲಿ ಜೋರಾಗಿ ಹೇಳಿ ಬಂದವನೇ, ಮಧ್ಯಾಹ್ನ ಎರಡಕ್ಕೆ ನುಂಗಿ ರಾತ್ರಿ ಯಾಕಪ್ಪ ನಿದ್ದೆ ಬರ್ತಿಲ್ಲ ಅಂತ ಸೀಲಿಂಗ್ ನೋಡ್ತಾ ಬಿದ್ಕೊಂಡಿದ್ದೆ, ಬುದ್ಧಿವಂತಿಕೆ ನೋಡಿ. ನಿದ್ದೆ ಇಲ್ಲ ಅಂದ್ರೆ ಬೆಳಗ್ಗೆ ತಲೆ ಓಡಲ್ಲ, ತಲೆ ಓಡಲ್ಲ ಅಂದ್ರೆ ಇನ್ನೊಂದು ಮಾತ್ರೆ, ಹೀಗೇ ಎಂಟು ತಿಂಗಳು. ಆಮೇಲೆ ಸೈಕಿಯಾಟ್ರಿ ಪೋಸ್ಟಿಂಗಲ್ಲಿ ಪಿಎಚ್‌ಕ್ಯೂ-9 ಫಾರ್ಮ್ (ಡಿಪ್ರೆಶನ್ ಎಷ್ಟಿದೆ ಅಂತ ಅಳೆಯೋ ಒಂಬತ್ತು ಪ್ರಶ್ನೆ) ಕೊಟ್ಟಿದ್ರು, ಪೇಷಂಟ್‌ಗೆ ಕೇಳೋಕೆ. ತಮಾಷೆಗೆ ನಾನೇ ತುಂಬಿದೆ, 27ಕ್ಕೆ 17 ಬಂತು. ನಿದ್ದೆ, ಸುಸ್ತು, ಓದೋವಾಗ ಗಮನ ನಿಲ್ಲದೇ ಇರೋದು, ಮೂರೂ ಆ ಒಂಬತ್ತು ಪ್ರಶ್ನೆಲೇ ಇದಾವೆ. ಅಂದ್ರೆ ನಾನು 'ಫೋಕಸ್ ಪ್ರಾಬ್ಲಂ' ಅಂತ ಮಾತ್ರೆ ನುಂಗ್ತಿದ್ದಿದ್ದೇ ಡಿಪ್ರೆಶನ್ ಲಕ್ಷಣ! ನೆನಪು ಮಾಡ್ಕೊಂಡ್ರೆ ಮಾತ್ರೆ ಶುರು ಮಾಡೋಕೆ ಮುಂಚೇನೇ ಒಂದೇ ಪುಟ ಮೂರು ಸಲ ಓದ್ತಿದ್ದೆ, ಫ್ರೆಂಡ್ಸ್ ಫೋನ್ ಎತ್ತೋದು ಬಿಟ್ಟಿದ್ದೆ. ನೀವೂ ಅದೊಂದು ನೆನಪಿಸ್ಕೊಳ್ಳಿ, ಆ ಮೊದಲ ಮಾತ್ರೆಗೂ ಹಿಂದಿನ ತಿಂಗಳು ಹೇಗಿದ್ರಿ ಅಂತ.

ಕಾಲೇಜಿನ ವಿಷ್ಯ: ನನಗೂ ಅದೇ ಭಯ ಇತ್ತು. ನಮಗೆ ಪಾಠ ಮಾಡದ, ಮಾರ್ಕ್ಸ್ ಹಾಕದ ಡಾಕ್ಟರ್ ಹತ್ರ ಹೊರಗೆ ಹೋದೆ. ಬೈತಾರೆ ಅನ್ಕೊಂಡಿದ್ದೆ, 'ದಿನಕ್ಕೆ ಎಷ್ಟು ಗಂಟೆ ಮಲಗ್ತೀಯಾ' ಅಂದ್ರು ಅಷ್ಟೇ.

ಫೈನಲ್ ಇಯರ್: ಒಂದೇ ಮಾತು, ಮಾತ್ರೆ ತಗೊಂಡು ರಾತ್ರಿಯಿಡೀ ಓದಿದಾಗ ಎಲ್ಲಾ ಗೊತ್ತು ಅನ್ಸುತ್ತೆ. ಅನ್ಸುತ್ತೆ ಅಷ್ಟೇ. ಎಕ್ಸಾಂ ಹಾಲಲ್ಲಿ ಕ್ರೇನಿಯಲ್ ನರ್ವ್ಸ್ (ಮೆದುಳಿಂದ ಹೊರಡೋ ನರಗಳು) ಹನ್ನೆರಡನ್ನೂ ಪೂರ್ತಿ ಬರೆಯೋಕಾಗ್ಲಿಲ್ಲ ನನಗೆ.

ಸೈಕಿಯಾಟ್ರಿ ಪಿಜಿ: 'ಮಾತ್ರೆಯಿಂದಾನಾ, ಮೊದ್ಲೇನಾ' ಅನ್ನೋದಕ್ಕೆ ಎರಡೂ ಇರಬಹುದು. ಮಿಥೈಲ್‌ಫೆನಿಡೇಟ್ ಮೆದುಳಲ್ಲಿ ಡೋಪಮೈನ್, ನಾರ್‌ಅಡ್ರಿನಲಿನ್ ಅನ್ನೋ ರಾಸಾಯನಿಕಗಳನ್ನ ನರಕೋಶ ವಾಪಸ್ ಹೀರಿಕೊಳ್ಳೋದನ್ನ ತಡೆಯುತ್ತೆ, ಸಾದಾ ಮಾತ್ರೆ ಆದ್ರೆ ಮೂರ್ನಾಲ್ಕು ಗಂಟೆ ಅಷ್ಟೇ, ಇಳಿದಾಗ ಮನಸ್ಸೂ ಜೊತೆಗೆ ಇಳಿಯುತ್ತೆ. ಬಿಟ್ಟ ಮೊದಲ ದಿನಗಳಲ್ಲಿ ವಿಪರೀತ ನಿದ್ದೆ, ಹಸಿವು, ಬೇಜಾರು ಬರಬಹುದು, ಅದನ್ನ ನೋಡಿ 'ನಂಗೆ ಮಾತ್ರೆ ಬೇಕೇ ಬೇಕು' ಅಂತ ತೀರ್ಮಾನಕ್ಕೆ ಬರಬೇಡಿ. ಡಾಕ್ಟರ್ ಹತ್ರ ಏನೂ ಮುಚ್ಚಿಡಬೇಡಿ, ಕೆಲವು ಡಿಪ್ರೆಶನ್ ಔಷಧಿ, ಮುಖ್ಯವಾಗಿ ಎಂಎಒಐಗಳು, ಇದರ ಜೊತೆ ಸೇರಿದ್ರೆ ಬಿಪಿ ಅಪಾಯದ ಮಟ್ಟಕ್ಕೆ ಏರುತ್ತೆ. ನಿಮಗೇ ನಿಜವಾಗ್ಲೂ ಎಡಿಎಚ್‌ಡಿ ಇರಬಹುದು ಕೂಡ, ಆದ್ರೆ ಮಾತ್ರೆ ತಗೊಂಡ್ರೆ ಓದೋಕಾಗುತ್ತೆ ಅನ್ನೋದು ಅದಕ್ಕೆ ಸಾಕ್ಷಿ ಅಲ್ಲ, ಎಡಿಎಚ್‌ಡಿ ಇಲ್ದೋರಿಗೂ ಹಾಗೇ ಅನ್ಸುತ್ತೆ. ಒಬ್ರೇ ಅನ್ಕೋಬೇಡಿ, 2016ರಲ್ಲಿ ಜಾಮಾ ಅನ್ನೋ ಮೆಡಿಕಲ್ ಜರ್ನಲಲ್ಲಿ ಬಂದ, ಹಲವು ಅಧ್ಯಯನ ಒಟ್ಟುಮಾಡಿ ನೋಡಿದ ವಿಮರ್ಶೆಲಿ ಮೆಡಿಕಲ್ ಸ್ಟೂಡೆಂಟ್ಸಲ್ಲಿ ಸುಮಾರು 27% ಜನಕ್ಕೆ ಡಿಪ್ರೆಶನ್ ಅಥವಾ ಅದರ ಲಕ್ಷಣ ಇತ್ತು, ಹಾಗಿದ್ದೋರಲ್ಲಿ ಚಿಕಿತ್ಸೆಗೆ ಹೋದೋರು 16% ಅಷ್ಟೇ. ಎದೆನೋವು, ಯಾರೋ ಹಿಂದೆ ಬರ್ತಿದಾರೆ ಅನ್ನೋ ಅನುಮಾನ, ಸಾಯೋ ಯೋಚನೆ, ಇದ್ರಲ್ಲಿ ಯಾವ್ದಿದ್ರೂ ಅಪಾಯಿಂಟ್‌ಮೆಂಟ್ ಕಾಯಬೇಡಿ, ಇವತ್ತೇ ಎಮರ್ಜೆನ್ಸಿಗೆ ಹೋಗಿ, ಒಬ್ರೇ ಇರಬೇಡಿ.

ಎಡಿಎಚ್‌ಡಿ ಇರೋ ಒಬ್ಬಳು: ಆ ರೂಮ್‌ಮೇಟ್ ಜಾಗದಲ್ಲಿ ನಾನಿದ್ದೆ. ಫ್ರೆಂಡ್ ಕೇಳಿದ್ಲು, ಇಲ್ಲ ಅನ್ನೋಕಾಗ್ಲಿಲ್ಲ, ತಿಂಗಳ ಕೊನೆ ವಾರ ನಂಗೇ ಮಾತ್ರೆ ಇರ್ತಿರ್ಲಿಲ್ಲ, ವಾರ್ಡಲ್ಲಿ ಕೇಸ್ ಹೇಳ್ತಾ ಹೇಳ್ತಾ ಮರೆತುಹೋಗೋದು. ಅವಳ ಮೇಲೆ ಸಿಟ್ಟಿತ್ತು, ಹೇಳ್ಲಿಲ್ಲ. ಅವಳು ಅಳ್ತಾಳೆ ಅಂತ ಗೊತ್ತಾದ ದಿನಾನೇ ಕೊಡೋದು ನಿಲ್ಸಿ, ಡಾಕ್ಟರ್ ಹತ್ರ ಕರ್ಕೊಂಡು ಹೋಗಿ ಹೊರಗಡೆ ಬೆಂಚಲ್ಲಿ ಕೂತಿದ್ದೆ. ನಿಮ್ಮ ರೂಮ್‌ಮೇಟ್‌ಗೆ ಈ ಅಳೋ ವಿಷ್ಯ ಗೊತ್ತಾ?